ಎರಡು ಭರಣಿ ನೀರು

ಫೆಬ್ರುವರಿಯ ಬೆಳಗು, ಇಳಿತದ ಹೊತ್ತು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ದಡದಲ್ಲಿ ಚಪ್ಪಲಿ ಕಳಚಿ, ಶಾಲೆ ಮಕ್ಕಳ ಸಾಲಿನ ಕೊನೆಗೆ ನೀವು ನಿಂತಿದ್ದೀರಿ. ನೀರು ಸರಿದಲ್ಲೆಲ್ಲ ಕಪ್ಪು ಕೆಸರು ಹೊಳೆಯುತ್ತಿದೆ. ಕಾಲಿಟ್ಟರೆ ಮೀನಖಂಡದವರೆಗೂ ಹೂತುಹೋಗುತ್ತದೆ.

ಮೇಷ್ಟ್ರು ಎರಡು ಗಾಜಿನ ಭರಣಿಗಳಿಗೆ ಹೊಳೆಯ ಕದಡಿದ ನೀರು ತುಂಬುತ್ತಾರೆ. ಅಲ್ಲೇ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿದ್ದ ಹೆಂಗಸೊಬ್ಬರು ಹಿಡಿಯಷ್ಟು ಬಳಚು ಕೊಡುತ್ತಾರೆ. ಅವು ಒಂದು ಭರಣಿಗೆ ಬೀಳುತ್ತವೆ. ಇನ್ನೊಂದರಲ್ಲಿ ಬರೀ ನೀರು. "ಸಣ್ಣದೆಲ್ಲ ಅಲ್ಲೇ ಬಿಡ್ರಾ ಮಕ್ಳೇ, ಬೆಳೀಲಿ," ಎನ್ನುತ್ತಾ ಆಕೆ ಮತ್ತೆ ಬಾಗುತ್ತಾರೆ.

ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳತ್ತ ನಡೆಯುತ್ತೀರಿ. ಬಿಲ್ಲಿನಂತೆ ಬಾಗಿದ ಬೇರುಗಳು ಕೆಸರನ್ನು ಹಿಡಿದು ನಿಂತಿವೆ. ನಡುವಿನ ಮೊಣಕಾಲುದ್ದ ನೀರಿನಲ್ಲಿ ಮೀನುಮರಿಗಳು ಮಿಂಚಿ ಮಾಯವಾಗುತ್ತವೆ. ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ಜೋತದ್ದು ಕಾಯಲ್ಲ, ತಾಯಿಮರದಲ್ಲೇ ಮೊಳೆತ ಸಸಿ. ಹುಡುಗಿಯೊಬ್ಬಳು ಅದನ್ನು ಕೀಳದೆ, ಬೆರಳ ತುದಿಯಿಂದ ಸವರಿ ಬಿಡುತ್ತಾಳೆ.

ಮುಂದೆ ಗಜನಿಯ, ಅಂದರೆ ಅಳಿವೆಯಂಚಿನ ತಗ್ಗು ಗದ್ದೆಯ, ಕಟ್ಟೆ. ಈಗ ಇಲ್ಲಿ ಉಪ್ಪುನೀರು, ಸಿಗಡಿ, ಮೀನು. ಮಳೆ ಬಂದು ಉಪ್ಪು ತೊಳೆದ ಮೇಲೆ ಇದೇ ನೆಲದಲ್ಲಿ ಕಗ್ಗ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಭತ್ತ. "ನಮ್ಮಜ್ಜಿ ಅದ್ರದ್ದೇ ಗಂಜಿ ಮಾಡ್ತದೆ ಸರ್," ಎಂದು ಹಿಂದಿನಿಂದ ಒಂದು ದನಿ.

ತಿರುಗಿ ಬರುವಾಗ ಬಿಸಿಲೇರಿದೆ. ಮಕ್ಕಳು ಭರಣಿಗಳನ್ನು ಮುತ್ತುತ್ತಾರೆ. ಬರೀ ನೀರಿನದು ಇನ್ನೂ ಮಂಕಾಗಿದೆ. ಬಳಚು ಇದ್ದದ್ದರ ಆಚೆ ಹಿಡಿದ ಬೆರಳು ಸ್ಪಷ್ಟವಾಗಿ ಕಾಣುತ್ತಿದೆ! ಬಳಚು ನೀರನ್ನು ಒಳಗೆಳೆದು, ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ಕಿವಿರುಗಳಲ್ಲಿ ಸೋಸಿ ತಿಂದು, ತಿಳಿನೀರನ್ನು ಹೊರಬಿಡುತ್ತದೆ. "ಹಾಗಾದ್ರೆ ಇಡೀ ಹೊಳೆಯಲ್ಲಿ ಎಷ್ಟು ಬಳಚು ಇರಬಹುದು?" ಮೇಷ್ಟ್ರು ಕೇಳುತ್ತಾರೆ. ಮಕ್ಕಳು ಅಳಿವೆಯತ್ತ ತಿರುಗಿ ಸುಮ್ಮನಾಗುತ್ತಾರೆ.

ಇಂಥ ಜೌಗುಪ್ರದೇಶಗಳನ್ನು ಉಳಿಸಲೆಂದೇ 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸರ್‌ನಲ್ಲಿ ಒಪ್ಪಂದವಾಯಿತು. 2024ರಲ್ಲಿ ಅದರ ಪಟ್ಟಿಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಸೇರಿತು. ಆದರೆ ಪಟ್ಟಿ ಕೆಸರನ್ನು ಕಾಯುವುದಿಲ್ಲ. ಅದನ್ನು ಪಾಳು ಜಾಗವೆಂದು ಕರೆಯಲು ಒಪ್ಪದ ಜನ ಕಾಯುತ್ತಾರೆ.

ಭರತ ಏರುತ್ತಿದೆ. ಮಕ್ಕಳು ಬಳಚುಗಳನ್ನು ಒಂದೊಂದಾಗಿ ಕೆಸರಿಗೆ ಮರಳಿಸುತ್ತಿದ್ದಾರೆ. ನಿಮ್ಮೂರಲ್ಲೂ ಕೆರೆಯೋ ಅಳಿವೆಯೋ ಇದ್ದೇ ಇರುತ್ತದೆ. ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ.