ಮುಟ್ಟಿದರೆ ಮುನಿಯುವ ಮೀನು

ವಕ್ಕಲೇರಿ ಕಡೆಯ ಕೆರೆಗಳಲ್ಲಿ ಇಳಿದು ಮೀನು ಹಿಡಿದವರಿಗೆ ಚೇಳುಮೀನಿನ ಪರಿಚಯ ಹೇಳಬೇಕಿಲ್ಲ. ಕಪ್ಪಗೆ, ನುಣ್ಣಗೆ, ಮೀಸೆ ಬಿಟ್ಟುಕೊಂಡ ಆ ಮೀನು ಪಕ್ಕದ ರೆಕ್ಕೆಯ ಮುಳ್ಳಿನಿಂದ ಚುಚ್ಚಿತೆಂದರೆ ಕೈಯೆಲ್ಲ ಉರಿ. ನೀರು ಬತ್ತಿ ಕೆಸರಷ್ಟೇ ಉಳಿದರೂ ಗಾಳಿ ಕುಡಿದು ಬದುಕಿಕೊಳ್ಳುತ್ತದೆ. ಮಾರ್ಕಂಡೇಶ್ವರ ಬೆಟ್ಟದ ಸೀಮೆಯವರಾದ ನಮಗೆ ಕಡಲು ದೂರ, ನಿಜ. ಆದರೂ ಚೇಳುಮೀನನ್ನು ಬಲ್ಲವರಿಗೆ ಅಲ್ಲಿನ ಸಿಂಹಮೀನಿನ ಸ್ವಭಾವ ತಟ್ಟನೆ ಅರ್ಥವಾಗುತ್ತದೆ.

ಅದನ್ನು ನಮ್ಮ ರಾಜ್ಯದಲ್ಲೇ ನೋಡಬಹುದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಳಿ ಮುಳುಗಿದವರಿಗೆ ಹವಳದ ಬಂಡೆಗಳ ಸಂದಿಯಲ್ಲಿ ಅದು ಕಾಣಸಿಗುತ್ತದೆ. ಮೈತುಂಬ ಕೆಂಗಂದು, ಬಿಳಿ ಪಟ್ಟೆ. ಎದೆಯ ಎರಡೂ ಬದಿಗೆ ನವಿಲು ಗರಿ ಬಿಚ್ಚಿದಂತೆ ಅಗಲವಾದ ರೆಕ್ಕೆ. ಎಷ್ಟು ಚೆಲುವು! ಆ ಗರಿಗಳಲ್ಲಿ ವಿಷವಿಲ್ಲ. ವಿಷವಿರುವುದು ಬೆನ್ನಿನ 13 ಮುಳ್ಳುಗಳಲ್ಲಿ, ಹೊಟ್ಟೆಯ ಕೆಳಗಿನ ಇನ್ನೈದರಲ್ಲಿ. ಒತ್ತಿದಾಗ ಮುಳ್ಳಿನ ಮೇಲಿನ ತೆಳು ಪೊರೆ ಹರಿದು ವಿಷ ಗಾಯಕ್ಕೆ ಇಳಿಯುತ್ತದೆ.

ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಬೇಟೆಗೆ ಅದು ಈ ವಿಷವನ್ನು ಬಳಸುವುದೇ ಇಲ್ಲ. ಹಗಲು ಬಂಡೆಯ ಮರೆಯಲ್ಲಿದ್ದು, ಮುಸ್ಸಂಜೆಗೆ ಹೊರಟು, ರೆಕ್ಕೆ ಹರಡಿ ಸಣ್ಣ ಮೀನನ್ನು ಮೆಲ್ಲಗೆ ಮೂಲೆಗೆ ಒತ್ತರಿಸಿ, ಒಂದೇ ಏಟಿಗೆ ಬಾಯಿಗೆಳೆದುಕೊಳ್ಳುತ್ತದೆ. ಮುಳ್ಳು ಆತ್ಮರಕ್ಷಣೆಗೆ ಮಾತ್ರ. ಮೈಮೇಲಿನ ಪಟ್ಟೆಯೇ ದೂರವಿರಿ ಎಂಬ ಎಚ್ಚರಿಕೆ. ಅದನ್ನು ಮೀರಿದವರಿಗೆ ಗಂಟೆಗಟ್ಟಲೆ ವಿಪರೀತ ನೋವು, ಬಾವು. ಸಾವು ತೀರಾ ಅಪರೂಪ. ಶಾಖ ತಗುಲಿದರೆ ಈ ವಿಷದ ಬಲ ಕುಗ್ಗುವುದರಿಂದ, ಮೈ ಸುಡದಷ್ಟು ಬಿಸಿಯಾದ ನೀರಿನಲ್ಲಿ ಗಾಯವನ್ನು ಅದ್ದಿಟ್ಟು ವೈದ್ಯರ ಬಳಿಗೆ ಹೋಗಬೇಕು.

ತನ್ನ ಕಡಲಿನಲ್ಲಿ ಇದು ಯಾರಿಗೂ ಹೊರೆಯಲ್ಲ. ಅಮೆರಿಕದ ಕತೆಯೇ ಬೇರೆ. 1985ರಲ್ಲಿ ಫ್ಲಾರಿಡಾದ ಕಡಲಿನಲ್ಲಿ ಮೊದಲ ಬಾರಿಗೆ ಸಿಂಹಮೀನು ಕಂಡಿತು. ಅಕ್ವೇರಿಯಂ ಸಾಕಣೆಯಿಂದಲೇ ಅದು ಅಲ್ಲಿಗೆ ಸೇರಿತೆಂದು ತಜ್ಞರು ನಂಬುತ್ತಾರೆ. ಅಲ್ಲಿನ ಸಣ್ಣ ಮೀನುಗಳಿಗೆ ಈ ಬೇಟೆಗಾರನ ಪರಿಚಯವಿಲ್ಲ, ಹೆಣ್ಣೊಂದು ವರ್ಷಕ್ಕೆ ಇಡಬಲ್ಲ ಮೊಟ್ಟೆ ಸುಮಾರು 20 ಲಕ್ಷ. ಅದು ಹಬ್ಬಿದ ಕೆರಿಬಿಯನ್ ಹವಳದ ದಿಬ್ಬಗಳಲ್ಲಿ ಮರಿಮೀನುಗಳು ಬರಿದಾಗತೊಡಗಿದವು. ತಪ್ಪು ಮೀನಿನದಲ್ಲ, ತಂದುಬಿಟ್ಟವರದು.

ಈ ಪಾಠ ನಮ್ಮ ಕೆರೆಗಳಿಗೂ ಸಲ್ಲುತ್ತದೆ. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೋಲಾರ ಜಿಲ್ಲೆಗೆ ಹರಿದು, ಒಣಗಿದ್ದ ಎಷ್ಟೋ ಕೆರೆಗಳು ತುಂಬಿವೆ. ಒಂದರ ಕೋಡಿ ಬಿದ್ದರೆ ನೀರಿನ ಜೊತೆ ಮೀನೂ ಮುಂದಿನ ಕೆರೆಗೆ ಇಳಿಯುತ್ತದೆ. ಮನೆಯ ಗಾಜಿನ ತೊಟ್ಟಿಯ ಮೀನು ಸಾಕೆನಿಸಿದರೆ ದಯವಿಟ್ಟು ಊರ ಕೆರೆಗೆ ಬಿಡಬೇಡಿ. ಕೊಂಡ ಅಂಗಡಿಗೇ ಹಿಂದಿರುಗಿಸಿ, ಇಲ್ಲವೇ ಸಾಕುವವರಿಗೆ ಕೊಡಿ.