ವಿರೋಧದ ಚೀಟಿ

ನಿಜ ಹೇಳಬೇಕಂದ್ರೆ ಚರ್ಚಾಸ್ಪರ್ಧೆಗೆ ನಾವು ಮೂವರು ಹೆಸರು ಕೊಟ್ಟಿದ್ದು ಅಟೆಂಡೆನ್ಸ್ ಸಿಗುತ್ತೆ ಅಂತ. ವಿಷಯ 'ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣ'. ಚೀಟಿ ಎತ್ತಿದರೆ 'ವಿರೋಧ' ಬಂತು. ಕೆಟ್ಟೆವು ಅಂದ್ಕೊಂಡ್ವಿ.

ಎರಡು ರಾತ್ರಿ ಹುಡುಕಿದ ಮೇಲೆ ನಿಧಿಯೇ ಸಿಕ್ಕಿತು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ, ಹಿಮಾಲಯದ ಹಿಮನದಿಗಳು 2035ರೊಳಗೆ ಕಣ್ಮರೆಯಾಗುವ ಸಾಧ್ಯತೆ ತುಂಬಾ ಇದೆ ಎಂದು 2007ರ ವರದಿಯಲ್ಲಿ ಬರೆದಿತ್ತು. 2009ರಲ್ಲಿ ನಮ್ಮ ಭೂವಿಜ್ಞಾನಿ ವಿ.ಕೆ. ರೈನಾ ಪರಿಸರ ಸಚಿವಾಲಯಕ್ಕೆ ಬರೆದ ವರದಿಯಲ್ಲಿ, ಅಂಥ ಅಸಹಜ ವೇಗವೇನೂ ಕಾಣುತ್ತಿಲ್ಲ ಅಂದರು. ಐಪಿಸಿಸಿ ಅಧ್ಯಕ್ಷ ಪಚೌರಿ ಅದನ್ನು 'ವೂಡೂ ಸೈನ್ಸ್' ಎಂದು ಹೀಗಳೆದರು. ಕೊನೆಗೆ 2010ರ ಜನವರಿಯಲ್ಲಿ ತಪ್ಪು ಒಪ್ಪಿಕೊಂಡಿದ್ದು ಐಪಿಸಿಸಿಯೇ!

ವೇದಿಕೆ ಮೇಲೆ ಇದನ್ನೇ ಬಾರಿಸಿದೆವು. ಜೊತೆಗೆ, "ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರೋದೇ ಶೇ. 0.04. ಅಷ್ಟರಿಂದ ಏನಾಗುತ್ತೆ ಸ್ವಾಮಿ?" ಚಪ್ಪಾಳೆ, ಮೊದಲ ಬಹುಮಾನ, ಮಸಾಲೆ ದೋಸೆ.

ಮೂರು ವಾರ ಕಳೆದ ಮೇಲೆ ಮೆಸ್ಸಿನಲ್ಲಿ ಫಸ್ಟ್ ಇಯರ್ ಹುಡುಗನೊಬ್ಬ ತಟ್ಟೆ ಹಿಡ್ಕೊಂಡು ಪಕ್ಕ ಬಂದು ಕೂತ. ಜಗಳೂರು ಕಡೆಯವನು.

"ಅಣ್ಣ, ಮಳೆ ನಂಬೋ ಹಾಗಿಲ್ಲ, ಕೃಷಿ ಹೊಂಡಕ್ಕೆ ಅರ್ಜಿ ಹಾಕ್ತೀನಿ ಅಂತಿದ್ರು ನಮ್ಮಪ್ಪ. ನಮ್ಮ ಪಾಲಿನ ದುಡ್ಡಿಗೆ ಸಾಲ ಮಾಡ್ಬೇಕಿತ್ತು. ಹವಾಮಾನ ಬದಲಾಗಿದೆ ಅನ್ನೋದೆಲ್ಲ ಸುಳ್ಳು, ಸುಮ್ನಿರಿ ಅಂದೆ. ಅವತ್ತು ನೀವು ಹೇಳಿದ್ರಲ್ಲ."

ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅದು ಚೀಟಿಯಲ್ಲಿ ಬಂದ ವಾದ ಕಣೋ ಅಂತ ಅವನಿಗೆ ಹೇಗೆ ಹೇಳೋದು?

ಆ ರಾತ್ರಿ, ಗೆಲ್ಲೋಕೆ ಬೇಡ ಅಂತ ಬಿಟ್ಟಿದ್ದನ್ನೆಲ್ಲ ಓದಿದೆವು. 2035 ಅನ್ನೋದು ಒಂಬೈನೂರಕ್ಕೂ ಹೆಚ್ಚು ಪುಟಗಳ ಸಂಪುಟದಲ್ಲಿದ್ದ ಒಂದು ತಪ್ಪು. ಹಿಮನದಿಗಳು ಕರಗುತ್ತಲೇ ಇಲ್ಲ ಅಂತ ರೈನಾ ಅವರೂ ಹೇಳಿರಲಿಲ್ಲ. ಅಮೆರಿಕದ ಹಳೆಯ ಗೂಢಚಾರ ಉಪಗ್ರಹಗಳ ಫೋಟೋ ಇಟ್ಟುಕೊಂಡು 2019ರಲ್ಲಿ ಲೆಕ್ಕ ಹಾಕಿದಾಗ, 2000ದ ನಂತರ ಹಿಮಾಲಯದಲ್ಲಿ ಹಿಮ ನಷ್ಟವಾಗುವ ವೇಗ ಅದರ ಹಿಂದಿನ 25 ವರ್ಷಗಳಿಗಿಂತ ದುಪ್ಪಟ್ಟಾಗಿತ್ತು. ಇನ್ನು ಆ 0.04: ಕೈಗಾರಿಕೆಗಳು ಬರುವ ಮೊದಲು ಹತ್ತು ಲಕ್ಷಕ್ಕೆ 280 ಇದ್ದದ್ದು ಈಗ 420 ದಾಟಿದೆ. ಸೂರ್ಯನೇ ಕಾರಣ ಅನ್ನೋಣವೆಂದರೆ, ಆಗ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಸ್ಟ್ರಾಟೋಸ್ಫಿಯರ್ ತಣ್ಣಗಾಗುತ್ತಿದೆ. ಹೀಟ್ ಟ್ರಾನ್ಸ್‌ಫರ್ ಪಾಸು ಮಾಡಿದ ನಮಗೆ ಇದು ಹೊಳೆಯದೇ ಹೋಗಿದ್ದಲ್ಲ. ಹೊಳೆಯೋದು ಬೇಡವಾಗಿತ್ತು.

ನೀತಿಯ ಮೇಲಿನ ಅನುಮಾನ ಮಾತ್ರ ಈಗಲೂ ಇದೆ. 2020ರೊಳಗೆ ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ಒದಗಿಸ್ತೀವಿ ಅಂತ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. ಅಷ್ಟು ಮೊತ್ತ ಮುಟ್ಟಿದ್ದು 2022ರಲ್ಲಿ, ಅದರಲ್ಲೂ ಬಹುಪಾಲು ಸಾಲ. ಅಮೆರಿಕದವನೊಬ್ಬನ ಇಂಗಾಲದ ಲೆಕ್ಕ ವರ್ಷಕ್ಕೆ ಸುಮಾರು 14 ಟನ್, ನಮ್ಮವನದು 2. ಇದನ್ನಿಟ್ಟುಕೊಂಡು ಜಗಳ ಆಡಬಹುದಿತ್ತು, ನ್ಯಾಯವಾಗಿ. ಚೀಟಿ ಅದನ್ನು ಕೇಳಿರಲಿಲ್ಲ.

ಬೆಳಿಗ್ಗೆ ಮೂವರೂ ಅವನ ರೂಮಿಗೆ ಹೋದೆವು. ನಾವು ಹೇಳಿದ್ದು ಅರ್ಧ ಸತ್ಯ, ಅಪ್ಪನಿಗೆ ಫೋನ್ ಮಾಡು ಅಂದೆವು. ಅವನು ಬೇಜಾರೇನೂ ಮಾಡಿಕೊಳ್ಳಲಿಲ್ಲ, ಶೂ ಲೇಸ್ ಕಟ್ಟುತ್ತಲೇ ಹೇಳಿದ:

"ಅರ್ಜಿ ಹಾಕೋ ತಾರೀಕು ಹೋದ ವಾರವೇ ಮುಗೀತಣ್ಣ. ಮುಂದಿನ ವರ್ಷ ನೋಡ್ತಾರಂತೆ."