ಮೆಡಿಕಲ್ ಸೀಟು ಬಿಟ್ಟ ಜಿಮ್ಮಿ

ನಮ್ಮೂರು ವಿರಾಜಪೇಟೆ. ಕೊಡಗಿನವನು ಅಂದ ತಕ್ಷಣ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳೋದು ಎರಡೇ ಪ್ರಶ್ನೆ: ಮನೇಲಿ ಕಾಫಿ ತೋಟ ಇದೆಯಾ, ಹಾಕಿ ಆಡ್ತೀಯಾ? ಎರಡಕ್ಕೂ ಇಲ್ಲ ಅನ್ನೋದೇ ನನ್ನ ಉತ್ತರ. ನಂದು ವಾಲಿಬಾಲ್. ಆಡ್ತೀನಿ ಅನ್ನಬೇಕಾ, ಆಡ್ತಿದ್ದೆ ಅನ್ನಬೇಕಾ ಅನ್ನೋದೇ ಈ ಸೆಮಿಸ್ಟರ್‌ನ ಸಮಸ್ಯೆ.

ಇಂಟರ್‌ಕಾಲೇಜ್ ಪಂದ್ಯಗಳೂ ಎರಡನೇ ಇಂಟರ್ನಲ್ಸೂ ಒಂದೇ ವಾರ ಬಂದು ಕೂತಿವೆ. ಸೆಕೆಂಡ್ ಪಿಯುಸಿಯಲ್ಲೂ ಹೀಗೇ ಆಗಿತ್ತು. ಜಿಲ್ಲಾ ತಂಡದ ಸೆಲೆಕ್ಷನ್ ನಡೀತಿದ್ದ ದಿನ ನಾನು ಸಿಇಟಿ ಮಾಕ್ ಟೆಸ್ಟ್ ಬರೀತಿದ್ದೆ. ಯಾರೂ ಬಲವಂತ ಮಾಡಿರಲಿಲ್ಲ. ಅಪ್ಪ "ನೀನೇ ಯೋಚನೆ ಮಾಡು" ಅಂದಿದ್ರು, ಅಷ್ಟೇ. ಅಪ್ಪಂದಿರು ಹಾಗಂದ್ರೆ ಏನರ್ಥ ಅಂತ ನಿಮಗೂ ಗೊತ್ತಿರುತ್ತೆ.

ಅವತ್ತು ಟೆಸ್ಟ್ ಬರೀತಾ ನನಗೆ ನೆನಪಾಗಿದ್ದು ಜಿಮ್ಮಿ ಜಾರ್ಜ್. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಕೇರಳದ ಇರಿಟ್ಟಿ, ಅಲ್ಲಿಂದ ಮುಂದೆ ಪೇರಾವೂರು. ಜಿಮ್ಮಿ 1955ರಲ್ಲಿ ಹುಟ್ಟಿದ್ದು ಅಲ್ಲಿ. ಆ ಕಡೆಯಿಂದ ಬಂದು ನಮ್ಮ ರಸ್ತೇಲಿ ಅಂಗಡಿ ಇಟ್ಟಿದ್ದ ಒಬ್ಬರು ಚೇಟ್ಟ ಸಂಜೆ ಹೊತ್ತು ನಮಗೆ ಲಿಫ್ಟ್ ಹಾಕಿಕೊಡ್ತಿದ್ರು. ಯಾರಾದರೂ ಸ್ಮ್ಯಾಶ್ ನೆಟ್ಟಿಗೆ ಹೊಡೆದ್ರೆ ಅವರಿಗೆ ಜಿಮ್ಮಿ ನೆನಪಾಗೋನು. "ಅವನು ಡಾಕ್ಟರ್ ಓದೋದು ಬಿಟ್ಟು ಬಾಲ್ ಹಿಡ್ಕೊಂಡು ಇಟಲಿಗೆ ಹೋದ ಮೋನೇ!" ಅಷ್ಟೇ ಕತೆ. ಒಂದೇ ವಾಕ್ಯ.

ಆ ವಾಕ್ಯ ನನಗೆ ಎಷ್ಟು ಅನುಕೂಲ ಆಯ್ತು ಅಂತ ಈಗ ಗೊತ್ತಾಗ್ತಿದೆ. ಜಿಮ್ಮಿಗೆ ಅಷ್ಟು ಧೈರ್ಯ ಇತ್ತು, ಬಿಟ್ಟ. ನನಗಿಲ್ಲ, ಬಿಡಲಿಲ್ಲ. ಲೆಕ್ಕ ಮುಗೀತು.

ಹೋದ ತಿಂಗಳು ಮ್ಯಾಥ್ಸ್ ಅಸೈನ್‌ಮೆಂಟ್ ಬರೀಬೇಕಾದ ರಾತ್ರಿ ಅವನ ಬಗ್ಗೆ ಸಿಕ್ಕಿದ್ದೆಲ್ಲ ಓದಿ, ಇಸವಿಗಳನ್ನ ಸಾಲಾಗಿ ಬರೆದೆ. ನೋಡಿದ್ರೆ ಚೇಟ್ಟ ಹೇಳಿದ್ದು ನಾವು ಪರೀಕ್ಷೇಲಿ ಬರೆಯೋ ಡೆರಿವೇಷನ್ ಥರ. ಮೊದಲ ಸಾಲು ಇದೆ, ಕೊನೇ ಸಾಲು ಇದೆ, ನಡುವಿನ ಸ್ಟೆಪ್‌ಗಳೆಲ್ಲ ಮಾಯ.

ಮೊದಲನೇದಾಗಿ ಮನೆ. ಆಟ ಹೇಳಿಕೊಟ್ಟಿದ್ದು ಅಪ್ಪನೇ, ಅವರೂ ಆಡಿದವರು. ಮನೇಲಿ ಎಂಟು ಜನ ಅಣ್ಣತಮ್ಮಂದಿರು, ಎಂಟೂ ಜನ ವಾಲಿಬಾಲ್ ಆಡೋರು. ಅಂಕಣದಲ್ಲಿ ನಿಲ್ಲೋಕೆ ಬೇಕಾದೋರು ಆರು, ಇನ್ನಿಬ್ಬರು ಸಬ್‌ಸ್ಟಿಟ್ಯೂಟ್! ಜಿಮ್ಮಿ ಹದಿನಾರಕ್ಕೇ ಕೇರಳ ರಾಜ್ಯ ತಂಡಕ್ಕೆ ಬಂದ. 1974ರಲ್ಲಿ ತೆಹ್ರಾನ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ ಆಡಿದ. ಆ ವರ್ಷಗಳಲ್ಲೇ ಕೇರಳ ವಿಶ್ವವಿದ್ಯಾಲಯದ ತಂಡದಲ್ಲೂ ಇದ್ದ, ಆಮೇಲೆ ಅದರ ಕ್ಯಾಪ್ಟನ್ ಆದ. ಮೆಡಿಕಲ್ ಬಿಟ್ಟಿದ್ದು 1976ರಲ್ಲಿ. ಅದೇ ವರ್ಷ ಅರ್ಜುನ ಪ್ರಶಸ್ತಿ. ವಯಸ್ಸು ಇಪ್ಪತ್ತೊಂದು.

ಬಿಟ್ಟು ಹೋಗಿದ್ದು ಇಟಲಿಗಲ್ಲ, ಕೇರಳ ಪೊಲೀಸ್‌ಗೆ! ಅಂದ್ರೆ ಸಂಬಳ ಬರೋ ಕೆಲಸಕ್ಕೆ. ಅಬುಧಾಬಿ ಸ್ಪೋರ್ಟ್ಸ್ ಕ್ಲಬ್ ಸೇರಿದ್ದು 1979ರಲ್ಲಿ, ಇಟಲಿಗೆ ಹೋಗಿದ್ದು 1982ರಲ್ಲಿ. ಸೀಟು ಬಿಟ್ಟ ದಿನಕ್ಕೂ ಇಟಲಿಗೂ ನಡುವೆ ಆರು ವರ್ಷ ಇದೆ. ಪೊಲೀಸ್ ಇಲಾಖೆಯ ಸಂಬಂಧವನ್ನ ಅವನು ಕೊನೇವರೆಗೂ ಕಡಿದುಕೊಳ್ಳಲೇ ಇಲ್ಲ.

ಇದನ್ನ ಓದಿದಾಗ ಮೊದಲು ಸ್ವಲ್ಪ ನಿರಾಸೆ ಆಯ್ತು, ನಿಜ ಹೇಳ್ತೀನಿ. ಹೀರೋ ಪ್ರಪಾತಕ್ಕೆ ಹಾರಿದ ಅಂದ್ಕೊಂಡಿದ್ರೆ ಅವನು ಮೆಟ್ಟಿಲು ಇಳಿದಿದ್ದ.

ಆದರೆ ಆ ಮೆಟ್ಟಿಲು ಸುಲಭದ್ದಲ್ಲ. ಅವನು ಇಟಲಿಯಲ್ಲಿ ಆಡ್ತಿದ್ದ ಕಾಲದಲ್ಲೇ, 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ, ಆ ದೇಶಕ್ಕೆ ವಾಲಿಬಾಲ್ ಕಂಚು ಬಂತು. ಅಂಥಾ ಕಡೆ ಹೊರಗಿನವನನ್ನ ತಗೊಳ್ಳೋದು ಪಾಯಿಂಟ್ ತರಲಿ ಅಂತ, ಬೆಂಚ್ ಮೇಲೆ ಕೂರಿಸೋಕಲ್ಲ. ಮೇಲಾಗಿ ಆಗಿನ ನಿಯಮ ಈಗಿನ ಹಾಗಿರಲಿಲ್ಲ. ಈಗ ಪ್ರತಿ ರ‍್ಯಾಲಿಗೂ ಯಾರಿಗಾದರೂ ಪಾಯಿಂಟ್ ಬರುತ್ತೆ. ಆಗ ಸೆಟ್ ಹದಿನೈದಕ್ಕೆ, ಪಾಯಿಂಟ್ ಸರ್ವಿಸ್ ಮಾಡಿದ ತಂಡಕ್ಕೆ ಮಾತ್ರ. ಎದುರಾಳಿ ಸರ್ವಿಸ್ ಇದ್ದಾಗ ನೀವು ಎಷ್ಟೇ ಚೆನ್ನಾಗಿ ಸ್ಮ್ಯಾಶ್ ಹೊಡೀರಿ, ಸಿಗೋದು ಸರ್ವಿಸ್ ಅಷ್ಟೇ. ಬೋರ್ಡ್ ಅಲ್ಲಾಡಲ್ಲ. ಹಿಂದೆ ನಿಂತು ರಿಸೀವ್ ಮಾಡೋಕೆ ಅಂತಲೇ ಇರೋ ಲಿಬೆರೊ ಸ್ಥಾನವೂ ಆಗ ಇರಲಿಲ್ಲ. ಮೂರು ಹೆಜ್ಜೆ ಓಡಿ, 2.43 ಮೀಟರ್ ನೆಟ್ ಮೇಲೆ ಎದ್ದು, ಪೂರ್ತಿ ಬಲ ಹಾಕಿ ಹೊಡೆದು ಕೆಳಗೆ ಬಂದಾಗ ಸ್ಕೋರ್ ಹಾಗೇ ಇರುತ್ತೆ. ಮತ್ತೆ ಎದ್ದೇಳಬೇಕು. ನಮ್ಮ ಹಾಸ್ಟೆಲ್ ಹಿಂದಿನ ಮಣ್ಣಿನ ಕೋರ್ಟ್‌ನಲ್ಲಿ ಒಂದು ಭಾನುವಾರ ಆ ಹಳೇ ನಿಯಮದಲ್ಲಿ ಆಡಿ ನೋಡಿದ್ವಿ. ಒಂದು ಸೆಟ್ ಮುಗಿಯೋಷ್ಟರಲ್ಲಿ ಮೆಸ್‌ನಲ್ಲಿ ಪೂರಿ ಖಾಲಿ.

1986ರ ಸೋಲ್ ಏಷ್ಯನ್ ಗೇಮ್ಸ್‌ನಲ್ಲಿ ಜಿಮ್ಮಿ ಇದ್ದ ಭಾರತ ತಂಡ ಜಪಾನನ್ನ ಸೋಲಿಸಿ ಕಂಚು ಗೆದ್ದಿತು. ಮಾರನೇ ವರ್ಷ, 1987ರ ನವೆಂಬರ್ 30ರಂದು, ಇಟಲಿಯಲ್ಲಿ ಕಾರು ಅಪಘಾತದಲ್ಲಿ ಅವನು ತೀರಿಕೊಂಡ. ಮೂವತ್ತೆರಡು ವರ್ಷ. ತಿರುವನಂತಪುರದಲ್ಲಿ ಅವನ ಹೆಸರಿನ ಒಳಾಂಗಣ ಕ್ರೀಡಾಂಗಣ ಇದೆ, ಅದು ಸಹಜ. ಇಟಲಿಯ ಬ್ರೆಶಾ ಪ್ರಾಂತ್ಯದ ಮೊಂಟಿಕಿಯಾರಿ ಅನ್ನೋ ಊರಲ್ಲೂ ಒಂದಿದೆ, ಪಾಲಾಜಾರ್ಜ್ ಅಂತ. ಮ್ಯಾಪ್‌ನಲ್ಲಿ ಅದನ್ನ ಹುಡುಕಿ ಜೂಮ್ ಮಾಡಿ ತುಂಬಾ ಹೊತ್ತು ನೋಡ್ತಾ ಕೂತಿದ್ದೆ. ನಮ್ಮ ಘಾಟಿಯ ಕೆಳಗಿನ ಹುಡುಗನ ಹೆಸರು.

ಮೆಕ್ಯಾನಿಕಲ್ ಬ್ರಾಂಚಿನವರಿಗೆ ಒಂದು ವಿಷಯ. ಅವನ ತಮ್ಮ ರಾಬರ್ಟ್ ಬಾಬಿ ಜಾರ್ಜ್ ನಿಮ್ಮವರೇ, ಮೆಕ್ಯಾನಿಕಲ್ ಎಂಜಿನಿಯರ್. ಟ್ರಿಪಲ್ ಜಂಪ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು, ಆಮೇಲೆ ಕೋಚ್ ಆದ್ರು. ಅವರ ಹೆಂಡತಿ, ಶಿಷ್ಯೆ ಅಂಜು 2003ರಲ್ಲಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 6.70 ಮೀಟರ್ ಹಾರಿ ಕಂಚು ತಂದ್ರು.

ನನ್ನ ವಿಷಯಕ್ಕೆ ಬರ್ತೀನಿ. ಜಿಮ್ಮಿ ಬಿಟ್ಟಿದ್ದನ್ನೇ ನೋಡ್ತಿದ್ದೆ, ಬಿಡೋಕೆ ಮುಂಚೆ ಎರಡನ್ನೂ ಹಿಡ್ಕೊಂಡಿದ್ದ ವರ್ಷಗಳನ್ನ ನೋಡಿರಲಿಲ್ಲ. ನನ್ನನ್ನ ಯಾರೂ ಎಂಜಿನಿಯರಿಂಗ್ ಬಿಡು ಅಂತ ಕೇಳಿಲ್ಲ. ಇಟಲಿಯಿಂದ ಫೋನೂ ಬಂದಿಲ್ಲ. ಇರೋದು ಒಂದು ವಾರ, ಮೂರು ಟೆಸ್ಟ್, ಒಂದು ಪರ್ಮಿಷನ್ ಲೆಟರ್. ಪಿಯುಸಿಯಲ್ಲಿ ನಾನು ಲೆಕ್ಚರರ್ ಹತ್ರ ಹೋಗಿ "ಸರ್, ಮಾಕ್ ಟೆಸ್ಟ್ ಬೇರೆ ದಿನ ಬರೀಬಹುದಾ" ಅಂತ ಕೇಳಲೇ ಇಲ್ಲ. ಆ ಒಂದು ಪ್ರಶ್ನೆ ಕೇಳೋಕೆ ಎಷ್ಟು ಧೈರ್ಯ ಬೇಕಿತ್ತು?

ಸೋಮವಾರ ಕೇಳಿದೆ. ಪಿ.ಇ. ಸರ್ ಲೆಟರ್ ಬರೆದುಕೊಟ್ರು. ಎಚ್‌ಒಡಿ ಎರಡು ಸಲ ಓದಿ, ಕನ್ನಡಕ ತೆಗೆದು, "ರೀಟೆಸ್ಟ್ ಪೇಪರ್ ಕಷ್ಟ ಇರುತ್ತೆ, ಆಮೇಲೆ ಬಂದು ಅಳಬೇಡ" ಅಂತ ಸೈನ್ ಹಾಕಿದ್ರು. ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶೂ ಸರಿಯಾಗಿದೆಯಾ?" ಅಂತ ಕೇಳಿದ್ರು. ಇಲ್ಲ ಅಂದೆ. ದುಡ್ಡು ಹಾಕಿದ್ರು.

ತಂಡಕ್ಕೆ ಇನ್ನೂ ಒಬ್ಬ ಸೆಟ್ಟರ್ ಬೇಕು. ಇದ್ದೋರು ಫೈನಲ್ ಇಯರ್, ಪ್ಲೇಸ್‌ಮೆಂಟ್ ಅಂತ ಹೋದ್ರು. ಬೆಳಿಗ್ಗೆ ಆರಕ್ಕೆ ಹಾಸ್ಟೆಲ್ ಹಿಂದೆ ನೆಟ್ ಕಟ್ತೀವಿ. ಇಂಟರ್ನಲ್ಸ್ ಬಗ್ಗೆ ಭಯ ಇದ್ರೂ ಪರವಾಗಿಲ್ಲ, ಲೆಟರ್ ಫಾರ್ಮ್ಯಾಟ್ ನನ್ನ ಹತ್ರ ಇದೆ.